ಹೊಸ ನಲ್ಲಿ ಬೇಡ ಎನ್ನುವ ವಾಷರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ನಾಲ್ಕು ಅಂತಸ್ತಿನ ಹಳೇ ಕಟ್ಟಡದ ಮೆಟ್ಟಿಲ ಕೆಳಗೆ, ಕರೆಂಟ್ ಮೀಟರುಗಳ ಪಕ್ಕದ ಇಕ್ಕಟ್ಟಿನಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಕುಕ್ಕರಗಾಲಲ್ಲಿ ಕೂತು ನೀರಿನ ದೊಡ್ಡ ವಾಲ್ವನ್ನು ಎರಡೂ ಕೈಯಿಂದ ತಿರುಗಿಸುತ್ತಿದ್ದಾರೆ. ಉಟ್ಟ ಬಟ್ಟೆಯ ಮೇಲೊಂದು ಗಂಡಸರ ಹಳೇ ಅಂಗಿ. ತೋಳು ಮೊಣಕೈವರೆಗೆ ಮಡಚಿದೆ. ವಾಲ್ವ್ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಆಕೆ ಎರಡು ಹನಿ ಎಣ್ಣೆ ಬಿಟ್ಟು, ಮಗುವಿಗೆ ಹೇಳುವ ಹಾಗೆ ಹೇಳುತ್ತಾರೆ: "ಬಾರಪ್ಪ, ಹಟ ಮಾಡ್ಬೇಡ. ಎಲ್ಲರೂ ಏಳೋಕೆ ಮುಂಚೆ ಮುಗಿಸ್ಬೇಕು."

ಇದನ್ನು ಮುಚ್ಚಿದರೆ ಇಡೀ ಕಟ್ಟಡಕ್ಕೆ ನೀರು ನಿಲ್ಲುತ್ತದೆ. ಜನ ಎದ್ದ ಮೇಲೆ ಮುಚ್ಚಿದರೆ ಒಂದೊಂದು ಅಂತಸ್ತಿನಿಂದಲೂ ಒಬ್ಬೊಬ್ಬರು ಬಾಯಿಗೆ ಬಂದ ಹಾಗೆ ಕೂಗುತ್ತಾರೆ. ಅದಕ್ಕೇ ಆಕೆಯ ಕೆಲಸ ಈ ಹೊತ್ತಿನಲ್ಲಿ.

ಮೂರನೇ ಅಂತಸ್ತಿನ ಅಡುಗೆಮನೆಯಲ್ಲಿ ಮಗುವನ್ನು ಸೊಂಟದ ಮೇಲಿಟ್ಟುಕೊಂಡ ಗೃಹಿಣಿ ಕಾಯುತ್ತಿದ್ದಾರೆ. ಸಿಂಕಿನ ನಲ್ಲಿಗೆ ಬಟ್ಟೆ ಸುತ್ತಿ, ಕೆಳಗೊಂದು ಪಾತ್ರೆ ಇಟ್ಟಿದೆ. ನಿನ್ನೆ ಬಂದ ಪ್ಲಂಬರ್ ನಲ್ಲಿಯ ಜತೆ ಪೈಪನ್ನೂ ಬದಲಾಯಿಸಬೇಕು, ಗೋಡೆಯ ಟೈಲ್ಸ್ ಒಡೆಯಬೇಕು ಎಂದು ಹೇಳಿ ಹೋಗಿದ್ದಾನಂತೆ. ವಾಲ್ವ್ ಮುಚ್ಚಿ ಮೇಲೆ ಬಂದ ಆಕೆ ಹಿಡಿಕೆ ಬಿಚ್ಚಿ, ಸ್ಪ್ಯಾನರ್ ಹಾಕಿ, ಒಳಗಿನ ಹಿತ್ತಾಳೆಯ ಕಡ್ಡಿಯನ್ನು ಹೊರಗೆಳೆಯುತ್ತಾರೆ. ಅದರ ತುದಿಯಲ್ಲಿ ಅಂಗಿ ಗುಂಡಿಯಷ್ಟು ದೊಡ್ಡ ಕಪ್ಪು ರಬ್ಬರ್. ನಡುವೆ ಸವೆದು ಹಳ್ಳ ಬಿದ್ದಿದೆ.

"ನೋಡಮ್ಮ, ಇಷ್ಟೇ. ಇದಕ್ಕೆ ಯಾಕೆ ಗೋಡೆ ಒಡೀತೀರಾ?"

"ಹೊಸ ನಲ್ಲಿ ಬೇಡ್ವಾ ಹಾಗಾದ್ರೆ?"

"ಬೇಡ. ವಾಷರ್ ಸಾಕು."

ಈ ಎರಡು ಮಾತನ್ನು ಆಕೆ ಎಷ್ಟು ಮನೆಗಳಲ್ಲಿ ಹೇಳಿದ್ದಾರೋ ಲೆಕ್ಕವಿಲ್ಲ. ಹೇಳಿ ಹೇಳಿಯೇ ಬೀದಿಯ ಮಕ್ಕಳ ಬಾಯಲ್ಲಿ ಆಕೆ ವಾಷರಕ್ಕ ಆದರು. ಈಗ ದೊಡ್ಡವರೂ ಹಾಗೇ ಕರೆಯುತ್ತಾರೆ.

ಒಂದು ವಾಷರಿನ ಬೆಲೆ ಒಂದು ಬಿಸ್ಕತ್ತಿನ ಪೊಟ್ಟಣಕ್ಕೂ ಸಾಟಿಯಲ್ಲ. ಹಾಕುವ ಕೂಲಿ ಸೇರಿದರೆ ನಾಲ್ಕು ಜನ ಹೋಟೆಲಿನಲ್ಲಿ ಕೂತು ಚಹಾ ಕುಡಿದಷ್ಟು. ಹೊಸ ನಲ್ಲಿಗಾದರೋ ಒಂದು ಸಣ್ಣ ಮನೆಯ ವಾರದ ಹಾಲು, ತರಕಾರಿ ಎರಡೂ ಕೊಚ್ಚಿಕೊಂಡು ಹೋಗುತ್ತವೆ. ಬಿಸಿನೀರು, ತಣ್ಣೀರು ಬೆರೆಸಿ ಕೊಡುವ ಹೊಳೆಯುವ ನಲ್ಲಿಯಾದರೆ ತಿಂಗಳ ಬಾಡಿಗೆಯ ಮೇಲೇ ಕೈ ಬೀಳುತ್ತದೆ. ಹೊಸದು ಹಾಕಿಸಿದವನಿಗೆ ಅಂಗಡಿಯವರೂ ಒಂದು ಪಾಲು ಕೊಡುತ್ತಾರೆ. ವಾಷರ್ ಹಾಕಿದವರಿಗೆ ಆ ಭಾಗ್ಯವಿಲ್ಲ. "ಸುಮ್ನೆ ಎಲ್ಲಾ ಕಡೆ ವಾಷರ್ ಸಾಕು ಅನ್ನೋಕಾಗಲ್ಲ," ಎನ್ನುತ್ತಾರೆ ವಾಷರಕ್ಕ. "ಹಿತ್ತಾಳೆ ಒಳಗಿಂದ ತಿಂದೋಗಿದ್ರೆ ಕೈ ಮುಗಿದು ಹೊಸದು ತನ್ನಿ ಅಂತೀನಿ. ಅದನ್ನ ರಿಪೇರಿ ಮಾಡಿ ದುಡ್ಡು ತಗೊಂಡ್ರೆ, ಯಾವತ್ತೋ ಒಂದಿನ ಕಿತ್ಕೊಂಡು ಮನೆಯೆಲ್ಲಾ ನೀರಾಗುತ್ತೆ. ಆ ಪಾಪ ನಂಗ್ಯಾಕೆ?"

ದಿನಕ್ಕೆ ಮೂರೋ ನಾಲ್ಕೋ ಮನೆ. ಕೆಲವು ದಿನ ಒಂದೂ ಇಲ್ಲ.

ಈ ಕೆಲಸ ಮೊದಲು ಆಕೆಯ ಗಂಡನದು. ಬೀದಿಯವರಿಗೆಲ್ಲ ಅವರು ಪಾನಣ್ಣ. ಸ್ಪ್ಯಾನರನ್ನು ಪಾನ ಎಂದು ಕರೆಯುತ್ತಿದ್ದರು, ಅದು ಅವರ ಕೈ ಬಿಟ್ಟು ಇರುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಗೊತ್ತಿಲ್ಲದವರು ಮದ್ಯಪಾನದ ಪಾನ ಎಂದುಕೊಂಡು ಕಿಸಕ್ಕನೆ ನಗುತ್ತಿದ್ದರು. ಅವರೂ ನಕ್ಕು, "ನಂದು ತಿರುಗಿಸೋ ಪಾನ ಸ್ವಾಮಿ, ಕುಡಿಯೋದಲ್ಲ" ಎನ್ನುತ್ತಿದ್ದರು. ವಾಷರಕ್ಕ ಆಗ ಪುಸ್ತಕ ಬೈಂಡಿಂಗ್ ಮಾಡುವ ಅಂಗಡಿಯಲ್ಲಿ ಹಾಳೆ ಮಡಚುತ್ತ, ಹೊಲಿಯುತ್ತ ಇದ್ದರು. ಸಂಜೆ ಇಬ್ಬರೂ ಮನೆಗೆ ಬಂದರೆ ಒಬ್ಬರ ಕೈಯಲ್ಲಿ ಗೋಂದಿನ ವಾಸನೆ, ಇನ್ನೊಬ್ಬರ ಕೈಯಲ್ಲಿ ಹಿತ್ತಾಳೆಯ ವಾಸನೆ. ಒಬ್ಬಳೇ ಮಗಳು ಇಬ್ಬರ ಕೈಯನ್ನೂ ಮೂಸಿ ಮೂಗು ಮುರಿಯುತ್ತಿದ್ದಳು.

ಒಂದು ದಿನ ಪಾನಣ್ಣ ಬೇಗನೆ ಮನೆಗೆ ಬಂದರು. ಊಟ ಬೇಡ ಎಂದರು. ತುಂಬಾ ಹೊತ್ತಾದ ಮೇಲೆ ಬಲಗೈ ಚಾಚಿ ತೋರಿಸಿದರು. ಬೆರಳುಗಳು ತಮ್ಮಷ್ಟಕ್ಕೆ ತಾವೇ ನಡುಗುತ್ತಿದ್ದವು.

"ತಿರುಪು ಮೊಳೆ ಅದರ ಜಾಗಕ್ಕೇ ಕೂರ್ಲಿಲ್ಲ ಕಣೇ. ಮೂರ್ಸಲ ಸಿಂಕಿನ ತೂತಿಗೆ ಬಿತ್ತು. ಆ ಮನೆಯವರು ನನ್ನ ಬಾಯಿ ಹತ್ರ ಬಂದು ಮೂಸಿದ್ರು."

ಹೆಂಡತಿ ಬಲವಂತ ಮಾಡಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಕೈ ನೋಡಿದವರೇ ತಲೆಯೆತ್ತದೆ ಕೇಳಿದ ಮೊದಲ ಪ್ರಶ್ನೆ, "ದಿನಕ್ಕೆ ಎಷ್ಟು ಕುಡೀತೀರಾ?" ಪಾನಣ್ಣ ಎದ್ದು ಹೊರಗೆ ಬಂದರು. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ, ಬೇರೆ ಡಾಕ್ಟರ ಹೆಸರೆತ್ತಿದರೂ ಉರಿದು ಬೀಳುತ್ತಿದ್ದರು.

ಇಲ್ಲಿಗೆ ಬಂದಾಗ ವಾಷರಕ್ಕ ನನ್ನ ಕೈಯಲ್ಲಿರುವ ಪೆನ್ನಿನ ಕಡೆ ನೋಡುತ್ತಾರೆ. ಇದನ್ನು ಆಕೆ ಇಷ್ಟು ವರ್ಷ ಯಾರಿಗೂ ಹೇಳಿದವರಲ್ಲ. "ಬರೀತೀರಾ? ಬರೀರಿ. ಮಗಳಿಗೆ ಗೊತ್ತಾಯ್ತಲ್ಲ, ಇನ್ನು ಯಾರಿಗೆ ಗೊತ್ತಾದ್ರೇನು. ಆದ್ರೆ ಇದೊಂದನ್ನ ಬಿಡದೆ ಬರೀಬೇಕು. ಅವರು ಒಂದಿನಾನೂ ಕುಡಿದವರಲ್ಲ."

ಕೆಲಸ ಬಿಟ್ಟರೆ ಹೊಟ್ಟೆಗೇನು? ಮಗಳು ಆಗಷ್ಟೇ ನರ್ಸಿಂಗ್ ಓದಲು ಹಾಸ್ಟೆಲ್ ಸೇರಿದ್ದಳು. ವಾಷರಕ್ಕ ಬೈಂಡಿಂಗ್ ಅಂಗಡಿ ಬಿಟ್ಟರು. ಗಂಡನಿಗೆ ಬೆನ್ನು ನೋವು, ಅವರ ಸಾಮಾನಿನ ಚೀಲ ಹೊರಲು ಹೋಗುತ್ತೇನೆ ಎಂದು ಅಕ್ಕಪಕ್ಕದವರಿಗೆ ಹೇಳಿದರು. ಹೋದದ್ದು ಚೀಲ ಹೊತ್ತುಕೊಂಡೇ. ಕರೆದವರ ಬಚ್ಚಲುಮನೆಯ ಒಳಗೆ ಹೋದ ಮೇಲೆ ಪಾನಣ್ಣ "ನೀರು ಚಿಮ್ಮುತ್ತೆ" ಎಂದು ಬಾಗಿಲು ಹಾಕುತ್ತಿದ್ದರು. ಒಳಗೆ ಅವರು ಮಗುಚಿದ ಬಕೆಟ್ಟಿನ ಮೇಲೆ ಕೂತು ಮೆಲ್ಲಗೆ ಹೇಳುವುದು, ಈಕೆ ಮಾಡುವುದು.

"ಮೊದಮೊದಲು ಬೈತಿದ್ರು. ಅಷ್ಟು ಬಿಗೀಬೇಡ, ತಿರುಪು ಹೋಗುತ್ತೆ ಅಂತ. ಮೆತ್ತಗೆ ಬೈಬೇಕಲ್ಲ, ಹೊರಗೆ ಕೇಳ್ಬಾರ್ದು. ನಂಗೆ ಅಳು ಬರೋ ಬದಲು ನಗು ಬರ್ತಿತ್ತು," ಎನ್ನುವಾಗ ಆಕೆಯ ಮುಖದಲ್ಲಿ ಈಗಲೂ ಆ ನಗು ಒಂದು ಕ್ಷಣ ಹಾದು ಹೋಗುತ್ತದೆ.

ಅಡುಗೆಮನೆಗೆ ಬಾಗಿಲು ಇರುವುದಿಲ್ಲವಲ್ಲ. ಅಲ್ಲಿ ವಾಷರಕ್ಕ ಸಿಂಕಿನ ಕೆಳಗೆ ನುಸುಳುತ್ತಿದ್ದರು, ಪಾನಣ್ಣ ಅಡ್ಡ ನಿಂತು ಮನೆಯವರ ಜತೆ ಲೋಕಾಭಿರಾಮ ಮಾತಾಡುತ್ತಿದ್ದರು. ಯಾರಾದರೂ ಹತ್ತಿರ ಬಂದರೆ ಒಂದು ಕೆಮ್ಮು. ಕೆಮ್ಮಿದ ಕೂಡಲೇ ಸ್ಪ್ಯಾನರ್ ಕೈಯಿಂದ ಕೈಗೆ. ಒಂದು ಸಲ ಅವರಿಗೆ ನಿಜವಾಗಿಯೂ ನೆಗಡಿಯಾಗಿ ಕೆಮ್ಮು ಹತ್ತಿತ್ತು. ಕೆಮ್ಮಿದಾಗಲೆಲ್ಲ ಈಕೆ ಸ್ಪ್ಯಾನರ್ ಕೊಡುವುದು, ಅವರು ವಾಪಸ್ ಕೊಡುವುದು. ಆ ನಲ್ಲಿ ಮುಗಿಯುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಕೆಲಸ ಮುಗಿದ ಮೇಲೆ ಪಾನಣ್ಣ ಕೈ ಒದ್ದೆ ಮಾಡಿಕೊಂಡು, ಟವಲಿನಲ್ಲಿ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದರು. ಟವಲಿನೊಳಗೆ ಕೈ ನಡುಗಿದರೂ ಒರೆಸಿಕೊಳ್ಳುವ ಹಾಗೇ ಕಾಣುತ್ತದೆ. "ಆಯ್ತಮ್ಮ, ಇನ್ನು ಹತ್ತು ವರ್ಷ ಕೇಳ್ಬೇಡಿ" ಎಂದು ಹೇಳುವುದು ಅವರೇ. ಆ ಮಾತು ವಾಷರಕ್ಕನಿಗೂ ಇಷ್ಟವಾಗಿತ್ತು.

ನಾಲ್ಕು ವರ್ಷ ಹೀಗೇ ನಡೆಯಿತು. ಬೀದಿಯಲ್ಲಿ ಒಂದು ಪಿಳ್ಳೆಗೂ ಸುಳಿವು ಸಿಗಲಿಲ್ಲ. ರಜೆಗೆ ಮನೆಗೆ ಬರುತ್ತಿದ್ದ ಮಗಳ ಮುಂದೆ ಪಾನಣ್ಣ ಕೈಯನ್ನು ಜೇಬಿನಲ್ಲೋ ಹೊದಿಕೆಯೊಳಗೋ ಇಟ್ಟುಕೊಂಡು, ಇವತ್ತು ಎಂಥ ಹಟಮಾರಿ ನಲ್ಲಿಯನ್ನು ದಾರಿಗೆ ತಂದೆ ಎಂದು ಬಣ್ಣಿಸುತ್ತಿದ್ದರು. ವಾಷರಕ್ಕ ತಲೆ ತಗ್ಗಿಸಿ ಬಡಿಸುತ್ತಿದ್ದರು. ಕೊನೆಯ ವರ್ಷ ಕಾಯಿಲೆ ಕೈಯಿಂದ ಕಾಲಿಗೆ, ಕಾಲಿನಿಂದ ಗಂಟಲಿಗೆ ಹತ್ತಿತು. ಆಗ ಮಗಳೇ ಹಟ ಹಿಡಿದು ಆಸ್ಪತ್ರೆಗೆ ಸೇರಿಸಿದಳು. ತಡವಾಗಿತ್ತು. ಒಂದು ಚಳಿಗಾಲದಲ್ಲಿ ಎದೆಗೆ ಕಫ ಕಟ್ಟಿ ಪಾನಣ್ಣ ತೀರಿಕೊಂಡರು.

ಮಾತಾಡಿಸಲು ಬಂದವರೆಲ್ಲ ಒಂದೇ ಮಾತು ಹೇಳಿದರು. ಅಂಥ ಕೈ ಇನ್ನು ಬರಲ್ಲ ಬಿಡಿ. ಹೋದ ವರ್ಷ ನಮ್ಮನೆ ನಲ್ಲಿ ಮಾಡಿದ್ರಲ್ಲ, ಇವತ್ತಿನವರೆಗೆ ಒಂದು ತೊಟ್ಟು ಸೋರಿಲ್ಲ. ವಾಷರಕ್ಕ ಗೋಡೆಗೆ ಒರಗಿ ಕೂತು ಕೇಳಿಸಿಕೊಂಡರು. ಆ ನಲ್ಲಿ ಮಾಡಿದ ಕೈ ಆಕೆಯ ಮಡಿಲಲ್ಲೇ ಇತ್ತು.

"ಹೇಳ್ಬೇಕು ಅನ್ನಿಸ್ಲಿಲ್ವಾ?" ಎಂದು ನಾನು ಕೇಳುತ್ತೇನೆ.

"ಸತ್ತೋರ ಮುಂದೆ ನಂದು ನಂದು ಅಂತ ಹೇಗೆ ಹೇಳೋದು? ಅವರು ಬಿಟ್ಟು ಹೋಗಿದ್ದೇ ಅದೊಂದು ಹೆಸರು."

ಆಮೇಲೆ ಯಾರೂ ಕರೆಯಲಿಲ್ಲ. ನಲ್ಲಿ ಕೆಟ್ಟವರು ಬೇರೆಯವರನ್ನು ಹುಡುಕಿಕೊಂಡರು; ಬಂದವರು ಹೊಸದೇ ಹಾಕಿ ಎಂದರು. ಬೈಂಡಿಂಗ್ ಅಂಗಡಿಯಲ್ಲಿ ಆಕೆಯ ಜಾಗಕ್ಕೆ ಮೆಷೀನು ಬಂದಿತ್ತು. ಹೀಗೆ ತಿಂಗಳುಗಳು ಕಳೆದ ಮೇಲೆ ಹಿಂದಿನ ಬೀದಿಯಲ್ಲಿ ಬಟ್ಟೆ ಹೊಲಿದು ಬದುಕುವ ಮುದುಕಿಯೊಬ್ಬರು ಬಂದರು. ಅವರ ಬಚ್ಚಲ ನಲ್ಲಿ ಧಾರೆಯಾಗಿ ಸೋರುತ್ತಿತ್ತು. ಹೊಸದಕ್ಕೆ ಕೇಳಿದ ದುಡ್ಡು ಅವರ ಕೈಗೆಟುಕುವುದಾಗಿರಲಿಲ್ಲ.

"ಗಂಡನ ಜತೆ ಓಡಾಡಿದೀಯಲ್ಲ ಮಗಳೇ, ನೋಡಿ ನೋಡಿ ಸ್ವಲ್ಪ ಕಲಿತಿರ್ತೀಯ. ಒಂದ್ಸಲ ಬಂದು ನೋಡು. ಕೆಟ್ರೆ ಕೆಡ್ಲಿ."

ವಾಷರಕ್ಕ ಹೋಗಿ ಬಿಚ್ಚಿದರೆ ಒಳಗಿದ್ದದ್ದು ತಾವೇ ಹಾಕಿದ್ದ ವಾಷರ್. ಬದಲಾಯಿಸಿ, ಅದು ಕೂರುವ ಜಾಗವನ್ನು ಉಜ್ಜಿ ನಯ ಮಾಡಿ, ಮುಚ್ಚಿದರು. ನೀರು ನಿಂತಿತು. ಮುದುಕಿ ನಲ್ಲಿಯ ಕೆಳಗೆ ಅಂಗೈ ಹಿಡಿದು ಕಾದರು, ಒಂದು ಹನಿಯೂ ಬೀಳಲಿಲ್ಲ. ಬೆನ್ನು ತಟ್ಟಿ, "ಪರವಾಗಿಲ್ವೇ! ಅವನ ಕೈಗುಣದಲ್ಲಿ ಅರ್ಧ ಬಂದಿದೆ ನಿಂಗೆ" ಎಂದರು.

ಹೊರಗಿನ ಮೆಟ್ಟಿಲ ಮೇಲೆ ಕೂತು ವಾಷರಕ್ಕ ನಕ್ಕರು. ನಗುತ್ತ ನಗುತ್ತಲೇ ಅತ್ತರು.

ಮುದುಕಿಯ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು. ಕರೆಯುವವರು ಹೆಚ್ಚಾದರು. ಹೆಂಗಸರೇ ಇರುವ ಮನೆಗಳಿಗೆ ಒಬ್ಬ ಹೆಂಗಸು ಬಂದು ಮಾಡುವುದು ಅನುಕೂಲವೂ ಆಯಿತು. ಹಾಗಂತ ಹೋಲಿಕೆ ತಪ್ಪಲಿಲ್ಲ. ಈಗ ಹಾಕಿದ್ದು ಆರು ತಿಂಗಳಿಗೇ ಸೋರಿತು, ನಿಮ್ಮ ಯಜಮಾನರು ಹಾಕಿದ್ದು ನಾಲ್ಕು ವರ್ಷ ಬಂದಿತ್ತು ಎಂದು ಮುಖಕ್ಕೆ ಹೇಳಿದವರಿದ್ದಾರೆ. "ವಾಷರುಗಳೇ ಈಗ ಮೊದಲಿನ ಹಾಗೆ ಬರಲ್ಲ ಅಂತೀನಿ ಅಷ್ಟೇ," ಎನ್ನುತ್ತಾರೆ ಆಕೆ.

ಹೋದ ವರ್ಷ ಬೀದಿಯ ಕೊನೆಯ ದೊಡ್ಡ ವಸತಿ ಕಟ್ಟಡದವರು ಎಲ್ಲ ಮನೆಗಳ ನಲ್ಲಿಗಳನ್ನೂ ಒಟ್ಟಿಗೆ ಬದಲಾಯಿಸಲು ತೀರ್ಮಾನಿಸಿದರು. ಒಂದೊಂದೇ ರಿಪೇರಿ ಮಾಡಿಸಿ ಸಾಕಾಗಿದೆ, ಸಗಟಾಗಿ ತಂದರೆ ಅಗ್ಗ ಎಂಬುದು ಅವರ ಲೆಕ್ಕ. ಬರುವ ನಲ್ಲಿಗಳು ಬಿಚ್ಚಲಾಗದಂಥವು. ಕೆಟ್ಟರೆ ಎಸೆದು ಇನ್ನೊಂದು ಹಾಕುವುದೇ. ವಾಷರಕ್ಕನ ಅರ್ಧ ಸಂಪಾದನೆ ಆ ಕಟ್ಟಡದ್ದು. ಅದರ ಕಾರ್ಯದರ್ಶಿ ಒಳ್ಳೆಯ ಮನುಷ್ಯ, ಕರೆದು ಸಂಕೋಚದಿಂದಲೇ ಹೇಳಿದರು: "ಹಳೇವನ್ನೆಲ್ಲ ಬಿಚ್ಚೋ ಕೆಲಸ ನೀವೇ ಮಾಡಿಕೊಡಿ ಅಕ್ಕ. ಕೂಲಿ ಕೊಡ್ತೀವಿ."

ತಮ್ಮ ಅನ್ನವನ್ನು ತಾವೇ ಬಿಚ್ಚುವ ಕೆಲಸ. ಆಕೆ ಒಪ್ಪಿಕೊಂಡರು.

ಆ ಹೊತ್ತಿಗೆ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದ ಮಗಳು ರಜೆ ಹಾಕಿ ಸಹಾಯಕ್ಕೆ ಬಂದಳು. ತಾಯಿ ಬಿಚ್ಚುವುದು, ಮಗಳು ಹೊತ್ತು ತಂದು ಕೆಳಗಿನ ಹಜಾರದಲ್ಲಿ ಸುರಿಯುವುದು. ಮೊದಲ ಅಂತಸ್ತು ಮುಗಿದಾಗ ಮಗಳು ಗಮನಿಸಿದಳು. ತಾಯಿ ನಲ್ಲಿಗಳನ್ನು ಎರಡು ರಾಶಿ ಮಾಡುತ್ತಿದ್ದಾರೆ. ಒಂದೊಂದನ್ನೂ ತಿರುಗಿಸಿ, ಬಿಚ್ಚಿ ಮತ್ತೆ ಕೂರಿಸುವಾಗ ನೀರು ಸೋರದಂತೆ ತಿರುಪಿಗೆ ಸುತ್ತಿದ್ದ ಸೆಣಬಿನ ಎಳೆಯನ್ನು ನೋಡಿ, ಈ ಕಡೆಗೋ ಆ ಕಡೆಗೋ ಇಡುತ್ತಿದ್ದಾರೆ.

"ಎಲ್ಲಾ ಗುಜರಿಗೆ ಹೋಗೋದೇ ತಾನೆ? ಯಾಕಮ್ಮ ಎರಡು ರಾಶಿ?"

"ಸುಮ್ನೆ."

"ಸುಮ್ನೆ ಯಾರಾದ್ರೂ ಇಷ್ಟು ನೋಡಿ ನೋಡಿ ಇಡ್ತಾರಾ? ಹೇಳು."

ಸುಸ್ತಾಗಿತ್ತೋ ಏನೋ, ವಾಷರಕ್ಕನ ಬಾಯಿಂದ ನಿಜ ಹೊರಟೇಬಿಟ್ಟಿತು. "ನಿಮ್ಮಪ್ಪ ಎಳೆ ಸುತ್ತಿ ತುದೀನ ಹಲ್ಲಲ್ಲಿ ಕಚ್ಚಿ ಕತ್ತರಿಸ್ತಿದ್ರು. ನಾನು ಪುಸ್ತಕ ಹೊಲಿಯೋ ಹಾಗೆ ತುದೀನ ಒಳಗೆ ಸಿಕ್ಕಿಸ್ತೀನಿ. ಇದು ಅವರದು. ಇದು ನಂದು."

ಮಗಳು ಎರಡು ರಾಶಿಯನ್ನೂ ನೋಡಿದಳು. ತಾಯಿಯದು ದೊಡ್ಡದಾಗಿತ್ತು. ಅಪ್ಪ ಹೋದ ಮೇಲೆ ಆಕೆ ಈ ಕಟ್ಟಡದಲ್ಲಿ ಅಷ್ಟು ಕೆಲಸ ಮಾಡಿರಲು ಸಾಧ್ಯವೇ ಇರಲಿಲ್ಲ. ಆ ರಾಶಿಯಿಂದಲೇ ಒಂದು ನಲ್ಲಿ ಎತ್ತಿಕೊಂಡಳು. "ಇದು ಒಂದನೇ ನಂಬರ್ ಮನೇದು. ನಾನು ಹಾಸ್ಟೆಲಿಂದ ಬಂದಾಗ ಅಪ್ಪ ಹೇಳಿದ್ರಲ್ಲ, ಇದನ್ನ ಸರಿ ಮಾಡೋಕೆ ಅರ್ಧ ದಿನ ಹಿಡೀತು ಅಂತ."

"ಹೂಂ. ಅರ್ಧ ದಿನ ಹಿಡೀತು."

ನೆಲದ ಮೇಲೆ ಕೂತು ವಾಷರಕ್ಕ ಎಲ್ಲವನ್ನೂ ಹೇಳಿದರು. ಬಾಗಿಲು, ಬಕೆಟ್ಟು, ಕೆಮ್ಮು, ಟವಲು. ಮಗಳು ನಗಬಹುದು, ಅಥವಾ ಅಮ್ಮನನ್ನು ಅಪ್ಪಿಕೊಳ್ಳಬಹುದು ಎಂದು ಒಳಗೊಳಗೇ ಆಸೆಪಟ್ಟಿದ್ದರು. ಮಗಳ ಮುಖ ಬಿಳುಪೇರಿತು.

"ಯಾವಾಗ ಶುರುವಾಗಿತ್ತು ನಡುಕ?"

"ನೀನು ಹಾಸ್ಟೆಲ್ ಸೇರಿದ ವರ್ಷ."

"ಕೊನೇ ವರ್ಷ ಶುರುವಾಯ್ತು ಅಂದ್ರಿ ಇಬ್ರೂ. ನಾನು ಡಾಕ್ಟರಿಗೆ ಅದನ್ನೇ ಹೇಳ್ದೆ." ಮಗಳು ಕೈಯಲ್ಲಿದ್ದ ನಲ್ಲಿಯನ್ನು ಕೆಳಗಿಟ್ಟಳು. "ಅದಕ್ಕೆ ಮಾತ್ರೆ ಇತ್ತಮ್ಮ. ಕಾಯಿಲೆ ಹೋಗ್ತಿರ್ಲಿಲ್ಲ, ಆದ್ರೆ ಕೈ ಅಷ್ಟು ನಡುಗ್ತಿರ್ಲಿಲ್ಲ. ಅಪ್ಪ ಇನ್ನೂ ಒಂದಷ್ಟು ವರ್ಷ ಅವರೇ ಕೆಲಸ ಮಾಡ್ಬಹುದಿತ್ತು. ನೀನು ಅವರ ಕೈ ಆಗಿಬಿಟ್ಟೆ, ಅವರು ಡಾಕ್ಟರ ಹತ್ರ ಹೋಗ್ಲೇ ಇಲ್ಲ."

ಅಷ್ಟರಲ್ಲಿ ಕಾರ್ಯದರ್ಶಿ ಚಹಾ ಹಿಡಿದು ಬಂದರು. ರಾಶಿ ನೋಡಿ, "ಪಾನಣ್ಣನ ಕೆಲಸ ಅಂದ್ರೆ ಕೆಲಸ ಬಿಡಿ. ಎಷ್ಟು ವರ್ಷ ಬಂತು!" ಎಂದರು. ಮಗಳು ಏನೋ ಹೇಳಲು ಬಾಯಿ ತೆರೆದಳು. ವಾಷರಕ್ಕ ಅವಳ ಮೊಣಕಾಲು ಮುಟ್ಟಿದರು. ಮಗಳು ಬಾಯಿ ಮುಚ್ಚಿ, ಕಣ್ಣೊರೆಸಿಕೊಂಡು ಮೇಲಕ್ಕೆ ಹೋದಳು. ಸಂಜೆ ಗುಜರಿಯವನು ಬಂದು ಎರಡು ರಾಶಿಯನ್ನೂ ಒಂದೇ ಚೀಲಕ್ಕೆ ತುಂಬಿ ತೂಕ ಹಾಕಿಕೊಂಡು ಹೋದ.

ಅದಾದ ಮೇಲೆ ಬಹಳ ದಿನ ತಾಯಿ ಮಗಳ ನಡುವೆ ಅಗತ್ಯಕ್ಕೆ ತಕ್ಕಷ್ಟೇ ಮಾತು. ಮಗಳು ಡ್ಯೂಟಿಗೆ ಹೋಗುತ್ತಿದ್ದಳು, ಬರುತ್ತಿದ್ದಳು, ತಟ್ಟೆ ತೊಳೆದಿಟ್ಟು ಮಲಗುತ್ತಿದ್ದಳು. ವಾಷರಕ್ಕ ಹಾಸಿಗೆಯಲ್ಲಿ ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರಂತೆ. "ಒಳ್ಳೇದು ಮಾಡ್ತಿದೀನಿ ಅನ್ಕೊಂಡಿದ್ದೆ. ಅವರ ಮರ್ಯಾದೆ ಉಳಿಸ್ದೆ ಅನ್ಕೊಂಡಿದ್ದೆ. ಮಾತ್ರೆ ಇರುತ್ತೆ ಅಂತ ನಂಗೇನು ಗೊತ್ತು? ಗೊತ್ತಿದ್ರೆ ಕಾಲು ಹಿಡಿದಾದ್ರೂ ಕರ್ಕೊಂಡು ಹೋಗ್ತಿದ್ದೆ." ಈ ಮಾತನ್ನು ಆಕೆ ದೂರದಲ್ಲೆಲ್ಲೋ ನೋಡುತ್ತ, ಎರಡು ಸಲ ಹೇಳುತ್ತಾರೆ.

ದೊಡ್ಡ ಕಟ್ಟಡ ಕೈತಪ್ಪಿದ ಮೇಲೆ ವಾಷರಕ್ಕ ಇನ್ನೂ ದೂರದ ಬೀದಿಗಳಿಗೆ ನಡೆಯುತ್ತಾರೆ. ಬಾಡಿಗೆಯ ಒಂಟಿ ಕೋಣೆಗಳು, ಹಳೇ ಹಾಸ್ಟೆಲುಗಳು, ಹೊಸದರ ದುಡ್ಡು ಕೇಳಿಯೇ ಬೆಚ್ಚುವ ಮನೆಗಳು. ಕೆಲವರು ಕೂಲಿಯಲ್ಲೂ ಚೌಕಾಸಿ ಮಾಡುತ್ತಾರೆ. ಚಳಿಯಲ್ಲಿ ಬೆರಳ ಗಂಟುಗಳು ಹಿಡಿದುಕೊಳ್ಳುತ್ತವೆ. ಹೊಸ ನಮೂನೆಯ ನಲ್ಲಿ ಎದುರಾದರೆ ವಾಪಸ್ ಬರಬೇಕು. ಅದರೊಳಗೆ ಕೈ ಹಾಕಲು ದಾರಿಯೇ ಇರುವುದಿಲ್ಲ.

ಕೆಲವು ವಾರಗಳ ಹಿಂದೆ ಮಗಳು ಬೆಳಗಿನ ಡ್ಯೂಟಿಗೆ ಹೊರಟವಳು ಬಾಗಿಲಲ್ಲಿ ನಿಂತು, "ನಮ್ಮ ವಾರ್ಡಿನ ಕೈ ತೊಳೆಯೋ ನಲ್ಲಿ ಸೋರ್ತಿದೆ. ಹೊಸದು ಮಂಜೂರಾಗೋಕೆ ತಿಂಗಳುಗಟ್ಟಲೆ ಆಗುತ್ತಂತೆ. ನೀನು ಬರ್ತೀಯಾ?" ಎಂದಳು. ಎಷ್ಟೋ ದಿನಗಳ ಮೇಲೆ ಅವಳಾಗಿಯೇ ಆಡಿದ ಮಾತು. ವಾಷರಕ್ಕ ಕುಡಿಯುತ್ತಿದ್ದ ಚಹಾ ಅಲ್ಲೇ ಬಿಟ್ಟು ಚೀಲ ಎತ್ತಿಕೊಂಡರು.

ವಾರ್ಡು ಎಂದರೆ ಉದ್ದನೆಯ ಹಜಾರ. ಎರಡೂ ಕಡೆ ಮಂಚ, ನಡುವೆ ಓಡಾಟ. ಸಿಂಕು ಎಲ್ಲರ ಕಣ್ಣೆದುರಿಗೇ ಇತ್ತು. ಮಗಳು ಪಕ್ಕದಲ್ಲಿ ನಿಂತು ಟಾರ್ಚು ಹಿಡಿದಳು. ಬಂದ ಬಂದ ನರ್ಸುಗಳಿಗೆಲ್ಲ, ಕೇಳದಿದ್ದರೂ, "ನಮ್ಮಮ್ಮ" ಎಂದಳು. ಹಿರಿಯ ನರ್ಸೊಬ್ಬರು, ಎಲ್ಲಿ ಕಲಿತಿರಿ ಎಂದು ಕೇಳಿದರು. ವಾಷರಕ್ಕ ಬಾಯಿ ತೆರೆಯುವ ಮುಂಚೆ ಮಗಳೇ ಹೇಳಿದಳು: "ನಮ್ಮಪ್ಪ ಹೇಳಿಕೊಟ್ಟಿದ್ದು. ಅವರ ಕೈ ಕೈಕೊಟ್ಟ ಮೇಲೆ ಎಲ್ಲಾ ಇವರೇ ಮಾಡಿದ್ದು."

ಮಗಳು ಪೂರ್ತಿ ಕ್ಷಮಿಸಿದ್ದಾಳಾ? "ಗೊತ್ತಿಲ್ಲ. ಕೇಳಿಲ್ಲ. ಆದ್ರೆ ಮನೇಲಿ ಈಗ ಮಾತಾಡ್ತಾಳೆ," ಎನ್ನುತ್ತ ವಾಷರಕ್ಕ ಅಂಗಿಯ ತೋಳು ಬಿಡಿಸಿಕೊಳ್ಳುತ್ತಾರೆ. ಇನ್ನೊಂದು ಮನೆಯವರು ಕಾಯುತ್ತಿದ್ದಾರೆ. ಚೀಲ ಹೆಗಲಿಗೇರಿಸಿದವರು ಎರಡು ಹೆಜ್ಜೆ ಇಟ್ಟು ನಿಲ್ಲುತ್ತಾರೆ.

"ಅವತ್ತು ವಾರ್ಡಲ್ಲಿ ಅಷ್ಟು ಜನ ನೋಡ್ತಿದ್ರು ನೋಡಿ. ನಮ್ಮ ಯಜಮಾನ್ರು ಇದ್ದಿದ್ರೆ ಪಕ್ಕದಲ್ಲಿ ಚೀಲ ಹಿಡ್ಕೊಂಡು ನಿಂತಿರೋರು." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸುತ್ತಾರೆ. "ನಿಲ್ತಿದ್ರೋ ಇಲ್ವೋ. ನಿಲ್ತಿದ್ರು ಅಂತಲೇ ಅನ್ಕೊಂಡಿದೀನಿ."